ವಿಕಾಸವಾದವೂ ಗಣಕದ ಧರ್ಮವೂ

ಗಣಕವಿದ್ಯೆಯನ್ನು ಬಲ್ಲ ತರುಣರು ತಮ್ಮ ಕೆಲಸದ ವಿಷಯವಾಗಿ ಮಾತಾಡುವಾಗ ಜೀವಶಾಸ್ತ್ರದ ಪರಿಭಾಷೆಯನ್ನೇ ಬಳಸುತ್ತಿರುವದನ್ನು ವಾಚಕರು ಕೇಳಿರಬಹುದು. ತಂತ್ರಾಂಶವು ವಿಕಾಸ ಹೊಂದುವದು, ಯೋಗ್ಯವಾದುದು ಉಳಿಯುವದು, ಅಯೋಗ್ಯವಾದುದು ಅಳಿಯುವದು ಎಂದು ಅವರೆನ್ನುವರು. ಈ ಉಪಮೆಯು ಎಷ್ಟರ ಮಟ್ಟಿಗೆ ಸರಿ ಎಂಬುದು ವಿಚಾರಣೀಯವು.

ಸಾಮ್ಯವಿರುವದು ದಿಟ. ಡಾರ್ವಿನ್ನನು 1859ರಲ್ಲಿ ಪ್ರಕಟಿಸಿದ ತತ್ತ್ವಕ್ಕೆ ಮೂರು ಅಂಗಗಳು: ಸಂತತಿಯಲ್ಲಿ ಭೇದಗಳಿರುವದು, ಅವು ಮುಂದಿನ ಪೀಳಿಗೆಗೆ ಇಳಿಯುವದು, ಪರಿಸರಕ್ಕೆ ಒಗ್ಗಿದುದು ಹೆಚ್ಚಾಗಿ ಉಳಿಯುವದು. ತಂತ್ರಾಂಶದಲ್ಲಿಯೂ ಹಳೆಯ ಆವೃತ್ತಿಯಿಂದ ಹೊಸದು ಹುಟ್ಟಿ, ಬಳಸುವವರಿಗೆ ಒಪ್ಪಿದುದು ನಿಲ್ಲುವದು. ಏಕರೂಪತೆಯ ಅಪಾಯವೂ ಎರಡೆಡೆಗೆ ಒಂದೇ. ಒಂದೇ ತಳಿಯ ಬೆಳೆಗೆ ಒಂದೇ ರೋಗ ಸಾಕು. 2024ರ ಜುಲೈ 19ರಂದು ಒಂದು ರಕ್ಷಣಾ ತಂತ್ರಾಂಶದ ದೋಷಯುಕ್ತ ತಿದ್ದುಪಡಿಯಿಂದ ಜಗತ್ತಿನ ಸುಮಾರು 85 ಲಕ್ಷ ಗಣಕಗಳು ನಿಂತುಹೋದವು.

ಆದರೆ ಧಾರವಾಡದವರಾದ ನಾವು ಡಾರ್ವಿನ್ನನ ಅಡವಿಗಿಂತ ಮೊದಲು ನಮ್ಮ ಹತ್ತಿಯ ಹೊಲವನ್ನು ನೋಡಬೇಕು. ಡಾ. ಬಿ. ಎಚ್. ಕಾತರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ಇಲ್ಲಿಂದ 'ವರಲಕ್ಷ್ಮಿ'ಯನ್ನು ಹೊರತಂದರು. ಹೂವಿನ ಕೇಸರಗಳನ್ನು ಕೈಯಿಂದ ಕಿತ್ತು, ಬೇರೊಂದರ ಪರಾಗವನ್ನು ಕೈಯಿಂದಲೇ ಮುಟ್ಟಿಸಿ ಪಡೆಯುವ ಬೀಜವದು. ಎಳೆ ನೀಳವಾಯಿತು; ಆದರೆ ಸಂಕರದ ಬೀಜವನ್ನು ಕಾದಿಟ್ಟು ಬಿತ್ತಿದರೆ ಗುಣಗಳು ಚದುರುವವಾದ್ದರಿಂದ ರೈತನು ವರ್ಷವರ್ಷವೂ ಬೀಜ ಕೊಳ್ಳಬೇಕಾಯಿತು. ಇಲ್ಲಿಯ ಲಾಭಹಾನಿಗಳೆರಡೂ ಮನುಷ್ಯನ ಆಯ್ಕೆಯ ಫಲವೇ ಹೊರತು ಕೇವಲ ನಿಸರ್ಗದ್ದಲ್ಲ.

ತಂತ್ರಾಂಶವು ಅಡವಿಗಲ್ಲ, ಈ ಹೊಲಕ್ಕೆ ಹತ್ತಿರವಾದುದು. ಇಪ್ಪತ್ತು ವರ್ಷಗಳ ಹಿಂದೆ ನಾನು ವ್ಯಾಕರಣಪಾಠದ ಟಿಪ್ಪಣಿಗಳನ್ನು ಅಂದಿನ ಒಂದು ಅಕ್ಷರವಿನ್ಯಾಸದಲ್ಲಿ ಬೆರಳಚ್ಚಿಸಿ ಇಟ್ಟಿದ್ದೆನು. ಈಚೆಗೆ ಮೊಮ್ಮಗನ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಮಾತ್ರ ಕಂಡವು. "ಅಜ್ಜಾ, ಆ ಪದ್ಧತಿ ಸತ್ತುಹೋಗೇದ" ಎಂದನು ಹುಡುಗ. 1991ರಲ್ಲಿಯೇ ಕನ್ನಡವನ್ನು ಒಳಗೊಂಡ ಯೂನಿಕೋಡ್ ಹೆಚ್ಚು ಯೋಗ್ಯವೆಂಬುದನ್ನು ನಾನೂ ಒಪ್ಪುವೆನು. ಆದರೆ ಹಳೆಯದು ತಾನಾಗಿ ಸಾಯಲಿಲ್ಲ, ಅದನ್ನು ಬಿಟ್ಟುಬಿಟ್ಟರು. ಬಿಟ್ಟವರೂ ಮನುಷ್ಯರೇ. ಮುಂದೆ ಯಾರೋ ಪುಣ್ಯವಂತರು ರಚಿಸಿದ ಪರಿವರ್ತಕದಿಂದ ನನ್ನ ಪುಟಗಳು ಮರಳಿ ಬಂದವು, ಅವರೂ ಮನುಷ್ಯರೇ.

ನಿಸರ್ಗಕ್ಕೆ ಕರ್ತವ್ಯವಿಲ್ಲ, ನಿರ್ಮಾಪಕನಿಗೆ ಉಂಟು. 'ಯೋಗ್ಯವಾದುದು ಉಳಿಯಿತು' ಎಂಬುದು ನಡೆದುದರ ವರ್ಣನೆಯೇ ಹೊರತು ಮಾಡಿದುದಕ್ಕೆ ಸಮರ್ಥನೆಯಲ್ಲ. ಯಾರಿಗೆ ಯೋಗ್ಯ, ಆರಿಸಿದವರು ಯಾರು ಎಂದು ಕೇಳಲೇಬೇಕು. ಹೊಸದನ್ನು ತರುವವನು ಹಳೆಯದನ್ನು ನೆಚ್ಚಿದವರು ದಾಟಿಬರಲು ಒಂದು ಸೇತುವೆಯನ್ನೂ ಕಟ್ಟಲಿ. ಆ ಹೊಣೆಯನ್ನು ವಿಕಾಸದ ತಲೆಗೆ ಕಟ್ಟದಿರಲಿ.