ಫಲ ಕಾಣದ ನಿತ್ಯಕರ್ಮ

ಹಿಂದೂಪುರದ ನನ್ನ ಔಷಧಿ ಅಂಗಡಿಯಲ್ಲಿ ಮೂವತ್ತರ ಆಸುಪಾಸಿನ ಹುಡುಗರು ಒಂದು ಶೀಟು ಬಿಪಿ ಮಾತ್ರೆ ಒಯ್ದರೆ ಮತ್ತೆ ತಿಂಗಳುಗಟ್ಟಲೆ ಪತ್ತೆಯಿರುವುದಿಲ್ಲ. ಕೇಳಿದರೆ, "ಏನೂ ಆಗಿಲ್ವಲ್ಲಣ್ಣಾ, ತಲೆನೋವೂ ಇಲ್ಲ. ಸಾಯೋವರೆಗೂ ನುಂಗ್ಬೇಕಾ?" ಎನ್ನುತ್ತಾರೆ. ಇವರಲ್ಲೇ ಹಲವರು ಅಯ್ಯಪ್ಪನ ಮಾಲೆ ಹಾಕುತ್ತಾರೆ. 41 ದಿನ ಎರಡು ಹೊತ್ತೂ ತಣ್ಣೀರು ಸ್ನಾನ, ನೆಲದ ಮೇಲೆ ನಿದ್ದೆ. ಹೆಂಡದಂಗಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಈಗಿನ ಹುಡುಗರಿಗೆ ನಿಷ್ಠೆಯಿಲ್ಲ ಎಂಬ ಮಾತನ್ನು ಅದಕ್ಕೇ ನಾನು ಒಪ್ಪುವುದಿಲ್ಲ. ನಿಷ್ಠೆ ಬೇಕಾದಷ್ಟಿದೆ. ಅದು ಮಾತ್ರೆಯ ಮೇಲೆ ಯಾಕೆ ನಿಲ್ಲುವುದಿಲ್ಲ?

ನಮ್ಮ ತಂದೆ ಕಲ್ಯಾಣದುರ್ಗದಲ್ಲಿ ಪುರೋಹಿತರಾಗಿದ್ದರು. ಬಯಸಿದ್ದು ಕೈಗೂಡಲೆಂದು ಮಾಡುವುದು ಕಾಮ್ಯಕರ್ಮ, ಸಂಧ್ಯಾವಂದನೆಯಂಥದ್ದು ನಿತ್ಯಕರ್ಮ ಎಂದು ಬಿಡಿಸಿ ಹೇಳುತ್ತಿದ್ದರು. ನಿತ್ಯಕರ್ಮ ಮಾಡಿದರೆ ಬೇರೆ ಫಲವಿಲ್ಲ, ಬಿಟ್ಟರೆ ಮಾತ್ರ ಪ್ರತ್ಯವಾಯವೆಂಬ ದೋಷ ಎಂದು ಮೀಮಾಂಸಕರ ಮತವೊಂದಿದೆ. ಇದೆಂಥ ಅನ್ಯಾಯದ ಲೆಕ್ಕ ಎಂದು ಹುಡುಗನಾಗಿದ್ದಾಗ ತಂದೆಯವರ ಜೊತೆ ವಾದಕ್ಕಿಳಿಯುತ್ತಿದ್ದೆ. ಈಗ ದಿನವೂ ಅದೇ ಲೆಕ್ಕ ನನ್ನ ಕಣ್ಣೆದುರಿಗಿದೆ. ಮಾಲೆಗೆ ಕೊನೆಯಿದೆ, ಇರುಮುಡಿಯಿದೆ, ಹದಿನೆಂಟು ಮೆಟ್ಟಿಲಿನ ದರ್ಶನವಿದೆ. ಅಷ್ಟೂ ದಿನ ಊರೆಲ್ಲ 'ಸ್ವಾಮಿ' ಎಂದು ಕರೆಯುತ್ತದೆ. ಮಾತ್ರೆ ನುಂಗಿದವನ ಪಾಲಿಗೆ ಬರುವುದು ಹೊಡೆಯದೆ ಹೋದ ಲಕ್ವ, ಕೆಡದೆ ಉಳಿದ ಮೂತ್ರಪಿಂಡ. ಆಗದೆ ಹೋದದ್ದನ್ನು ಕಂಡು ಕೈಮುಗಿಯುವವರು ಯಾರು?

ಬಿಟ್ಟರೂ ಕೂಡಲೇ ಏನೂ ಕಾಣಿಸದು. ಹೆಚ್ಚಿನ ಚೀಟಿಗಳಲ್ಲಿರುವ ಅಮ್ಲೋಡಿಪಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಹಿಡಿಯುತ್ತದೆ. ಒಂದು ದಿನ ಮರೆತವನ ಒತ್ತಡ ದಿಢೀರನೆ ಏರುವುದಿಲ್ಲ. ಬಿಟ್ಟೇಬಿಟ್ಟರೆ ದಿನದಿಂದ ದಿನಕ್ಕೆ ಮೆಲ್ಲಗೆ ಏರಿ 140/90 ದಾಟುತ್ತದೆ. ಮೈಗೆ ಸುಳಿವೂ ಸಿಗುವುದಿಲ್ಲ. ಔಷಧಿ ತೋರಿದ ಕರುಣೆಯನ್ನು ಹುಡುಗ ತನ್ನ ಆರೋಗ್ಯವೆಂದು ತಿಳಿಯುತ್ತಾನೆ. ಪ್ರತ್ಯಕ್ಷವನ್ನೇ ನಂಬಿದವನಿಗೆ ಇಲ್ಲಿ ಪ್ರತ್ಯಕ್ಷವೇ ಮೋಸ ಮಾಡುತ್ತದೆ.

ಹೆದರಿಸಿದರೆ ಕೆಲವು ದಿನ ನುಂಗುತ್ತಾರೆ, ಅಷ್ಟೆ. ನಮ್ಮ ತಂದೆ ದೋಷಕ್ಕೆ ಹೆದರಿ ಅರ್ಘ್ಯ ಕೊಟ್ಟವರಲ್ಲ. ಹೊತ್ತಾಯಿತು, ಎದ್ದರು, ಕೊಟ್ಟರು. ಅಮ್ಮ ಆ ಹೊತ್ತಿಗೆ ಪಂಚಪಾತ್ರೆ ತೊಳೆದಿಟ್ಟಿರುತ್ತಿದ್ದಳು. ಮನೆಯೇ ಅವರಿಗೆ ನೆನಪು ಮಾಡಿಕೊಡುತ್ತಿತ್ತು. ರಂಜಾನಿನಲ್ಲೂ ಇದನ್ನೇ ಕಾಣುತ್ತೇನೆ. ರೋಗಿಗೆ ಉಪವಾಸದಿಂದ ವಿನಾಯಿತಿಯನ್ನು ಕುರ್‌ಆನೇ ಕೊಟ್ಟಿದೆ. ಆದರೂ ರೋಜಾ ಹಿಡಿಯುವ ಹುಡುಗರು ಡಾಕ್ಟರನ್ನು ಕೇಳಿ, ದಿನಕ್ಕೊಂದೇ ಮಾತ್ರೆಯಾದರೆ ಇಫ್ತಾರಿನ ಹೊತ್ತಿಗೆ ಬದಲಿಸಿಕೊಳ್ಳುತ್ತಾರೆ. ಖರ್ಜೂರದ ತಟ್ಟೆಯ ಪಕ್ಕ ಮಾತ್ರೆಯನ್ನು ತಾಯಿಯೇ ಇಟ್ಟಿರುತ್ತಾಳೆ. ಆ ತಿಂಗಳು ತಪ್ಪುವುದು ಕಡಿಮೆ.

ಆದರೆ ಮನೆಯ ಆಸರೆಯೇ ಇಲ್ಲದವರೂ ಇದ್ದಾರೆ. ಕಲ್ಯಾಣದುರ್ಗದಿಂದ ಇಲ್ಲಿಗೆ ಸೊಸೆಯಾಗಿ ಬಂದ ಹೆಣ್ಣುಮಗಳೊಬ್ಬಳಿಗೆ ಬಸಿರಿನಲ್ಲಿ ಏರಿದ ಬಿಪಿ ಹೆರಿಗೆಯಾದ ಮೇಲೂ ಇಳಿಯಲಿಲ್ಲ. "ಶೀಟು ಬೇಡಣ್ಣಾ, ಬಿಚ್ಚಿ ಪೊಟ್ಟಣ ಕಟ್ಟಿಕೊಡಿ, ಅತ್ತೆ ಕಂಡರೆ ರೋಗಿಷ್ಟೆ ಅಂತಾರೆ" ಎಂದಳು. ಬೆಳಕು, ತೇವ ತಾಗಿದರೆ ಮಾತ್ರೆ ಕೆಡುತ್ತದೆ, ಬಿಚ್ಚಲಾರೆ ಎಂದೆ. ಶೀಟನ್ನು ಸಣ್ಣದಾಗಿ ಕತ್ತರಿಸಿ ಕೊಟ್ಟೆ, ಕುಪ್ಪಸದೊಳಗೆ ಸೇರಿಸಿಕೊಂಡಳು. ಪ್ರತಿ ತಿಂಗಳೂ ತಪ್ಪದೆ ಬರುತ್ತಾಳೆ. ನಿತ್ಯಕರ್ಮವನ್ನು ಮನೆಯೇ ನೆನಪಿಸಬೇಕು ಎಂಬ ನನ್ನ ವಾದ ಅವಳ ಎದುರು ನಿಲ್ಲುವುದಿಲ್ಲ.