ಖಾಲಿ ಎಂದು ಬರೆದ ಕೈ

‘ಚೆಕ್-ಇನ್ ಬ್ಯಾಗಲ್ಲಿ ಪವರ್ ಬ್ಯಾಂಕ್ ಇದೆಯಾ ಸರ್?’ ಕೌಂಟರಿನ ಹುಡುಗಿ ಕೇಳಿದಳು. ‘ಇಲ್ಲ’ ಎಂದೆ. ಊರು ತಲುಪಿ ಬಟ್ಟೆ ತೆಗೆಯುವಾಗ ಅಂಗಿಯೊಳಗಿಂದ ಅದು ಜಾರಿ ಬಿತ್ತು. ನಾನು ಹೇಳಿದ್ದು ಸುಳ್ಳೇ?

1996ರ ಮೇ 11ರಂದು ಮಯಾಮಿಯಿಂದ ಹೊರಟ ವ್ಯಾಲ್ಯೂಜೆಟ್ ವಿಮಾನ ಎವರ್‌ಗ್ಲೇಡ್ಸ್ ಜೌಗಿಗೆ ಬಿದ್ದು 110 ಜನ ಸತ್ತರು. ಸರಕಿನ ಕೋಣೆಯಲ್ಲಿ ಐದು ರಟ್ಟಿನ ಪೆಟ್ಟಿಗೆಗಳಿದ್ದವು. ಒಳಗೆ, ಬೇರೆ ವಿಮಾನಗಳಿಂದ ಕಳಚಿದ ಆಮ್ಲಜನಕ ಉತ್ಪಾದಕಗಳು. ಅವಕ್ಕೆ ಸುರಕ್ಷತಾ ಮುಚ್ಚಳ ಹಾಕಿರಲಿಲ್ಲ. ಹಾಕಿದೆವೆಂದು ಸಹಿ ಮಾತ್ರ ಬಿದ್ದಿತ್ತು. ರವಾನೆ ಚೀಟಿಯಲ್ಲಿ ‘ಖಾಲಿ’ ಎಂದು ಬರೆದಿತ್ತು. ಆ ಕೋಣೆಗೆ ಗಾಳಿಯಾಡದು, ಬೆಂಕಿ ಹತ್ತಿದರೂ ತಾನೇ ಉಸಿರುಗಟ್ಟಿ ಆರುತ್ತದೆ ಎಂಬುದು ವಿನ್ಯಾಸದ ಲೆಕ್ಕ. ಹೊತ್ತಿಸಿದ ವಸ್ತುವೇ ಬೆಂಕಿಗೆ ಆಮ್ಲಜನಕವನ್ನೂ ಉಣಿಸಿತು.

‘ಖಾಲಿ’ ಎಂದವನು ಕೇಡು ಬಯಸಿ ಬರೆದಿರಲಾರ. ಹಳೆಯದಾದದ್ದು ಬರಿದಾಗಿದೆ ಎಂದುಕೊಂಡಿರಬಹುದು. ಆದರೂ ಅವನದು ಬರೀ ಅಜ್ಞಾನ ಎನ್ನಲು ನನಗೆ ಮನಸ್ಸಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಬರೆದದ್ದೇ ತಪ್ಪು. ಪೆಟ್ಟಿಗೆ ಎತ್ತಿಡುವವನು ಅದನ್ನು ಬಿಚ್ಚಿ ನೋಡುವುದಿಲ್ಲ. ಅವನ ಕೈಗೆ ಸಿಗುವುದು ಆ ಒಂದು ಪದವಷ್ಟೇ. ನನ್ನ ‘ಇಲ್ಲ’ವೂ ಅಂಥದ್ದೇ. ಏನೂ ಆಗಲಿಲ್ಲ ನಿಜ, ಅದು ನನ್ನ ಹೆಚ್ಚುಗಾರಿಕೆಯಲ್ಲ.

ಮುಂದಿನ ಸಲ ಅದೇ ಪ್ರಶ್ನೆಗೆ ‘ಒಂದು ನಿಮಿಷ ಇರಮ್ಮಾ’ ಎಂದು ನೆಲದ ಮೇಲೆ ಬ್ಯಾಗು ಬಿಚ್ಚಿ ಕೂತೆ. ಹಿಂದಿನ ಸಾಲು ಗೊಣಗಿತು.