ಋಣದ ಲೆಕ್ಕ



ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆಗೆ ಹೊರಡುವ ರೈಲು ಚಿತ್ತಾಪುರವನ್ನು ದಾಟಿ, ಸೇಡಂ ತಲುಪುವ ಮೊದಲು ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣವನ್ನು ಹಾದುಹೋಗುತ್ತದೆ. ಕಾಗಿಣಾ ನದಿಯ ದಡದಲ್ಲಿ ಶಿಥಿಲವಾದ ಕೋಟೆಯೊಂದಿರುವ ಈ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಭಿನ್ನರಾಶಿ, ಬಡ್ಡಿ, ಕ್ಷೇತ್ರಫಲ, ನೆರಳಿನ ಲೆಕ್ಕ ಎಲ್ಲವೂ ಅದರಲ್ಲಿವೆ. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಅವರು ಸಾಮಾನ್ಯ ಸೂತ್ರವನ್ನೇ ಕೊಟ್ಟರು.

ಇಷ್ಟನ್ನು ಸಾಧಿಸಿದವರು ಗ್ರಂಥಾರಂಭದಲ್ಲಿ ಏನು ಹೇಳುತ್ತಾರೆ ಗೊತ್ತೇ? ಸಮುದ್ರದಿಂದ ರತ್ನವನ್ನು, ಬಂಡೆಯಿಂದ ಚಿನ್ನವನ್ನು ತೆಗೆಯುವಂತೆ, ಹಿರಿಯರ ನೆರವಿನಿಂದ ಜ್ಞಾನಸಾಗರದ ಸಾರವನ್ನು ಸಂಗ್ರಹಿಸಿದ್ದೇನೆ ಎನ್ನುತ್ತಾರೆ. ಗ್ರಂಥದ ಹೆಸರೇ 'ಸಂಗ್ರಹ'.

ಸಾವಿರ ವರ್ಷಗಳು ಕಳೆದ ಮೇಲೆ, ದೂರದ ರಷ್ಯಾದಲ್ಲಿ ಇದೇ ಭಾವ ಮತ್ತೊಬ್ಬ ಗಣಿತಜ್ಞರಲ್ಲಿ ಕಾಣಿಸಿತು. 1904ರಿಂದ ಬಿಡಿಸಲಾಗದೆ ಉಳಿದಿದ್ದ ಪೊಯಂಕಾರೆಯ ಸಮಸ್ಯೆಗೆ ಗ್ರಿಗೊರಿ ಪೆರೆಲ್ಮನ್ 2002 ಮತ್ತು 2003ರಲ್ಲಿ ಪರಿಹಾರ ನೀಡಿದರು. 2006ರಲ್ಲಿ ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕವನ್ನು ಅವರು ನಿರಾಕರಿಸಿದರು. 2010ರಲ್ಲಿ ಹತ್ತು ಲಕ್ಷ ಡಾಲರುಗಳ ಬಹುಮಾನವೂ ಬೇಡವೆಂದರು. ತಾವು ನಡೆದ ದಾರಿಯನ್ನು ತೆರೆದ ಅಮೆರಿಕದ ರಿಚರ್ಡ್ ಹ್ಯಾಮಿಲ್ಟನ್ ಅವರ ಪಾಲು ತಮ್ಮದಕ್ಕಿಂತ ಕಡಿಮೆಯಲ್ಲ, ಆದ್ದರಿಂದ ಆ ತೀರ್ಮಾನ ನ್ಯಾಯವಲ್ಲ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು.

ಹಾಗಾದರೆ ಸ್ವಂತ ಶ್ರಮಕ್ಕೆ ಬೆಲೆಯಿಲ್ಲವೇ? ಖಂಡಿತ ಇದೆ. ಪೆರೆಲ್ಮನ್ನರ ವರ್ಷಗಟ್ಟಲೆಯ ಏಕಾಂತ ದುಡಿಮೆಯನ್ನು ಬೇರಾರೂ ಅವರ ಪರವಾಗಿ ಮಾಡಲಿಲ್ಲ. ಋಣವನ್ನು ಒಪ್ಪಿಕೊಂಡರೆ ಶ್ರಮ ಕಿರಿದಾಗುವುದಿಲ್ಲ. ಅಹಂಕಾರ ಮಾತ್ರ ಕಿರಿದಾಗುತ್ತದೆ.

ಇನ್ನೊಂದು ಲಾಭವೂ ಇದೆ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆಂದು ಮಹಾವೀರಾಚಾರ್ಯರು ಬರೆದರು. ಅದು ತಪ್ಪು, ಸೊನ್ನೆಯಿಂದ ಭಾಗಿಸಲಾಗದೆಂದು ಇಂದು ಶಾಲೆಯ ಮಕ್ಕಳೂ ಬಲ್ಲರು. ಆದರೂ ಅವರ ಹಿರಿಮೆ ಕುಂದಿಲ್ಲ. ಜ್ಞಾನ ಒಬ್ಬನ ಸ್ವತ್ತಾಗಿದ್ದರೆ ಅವನ ತಪ್ಪು ಅವನೊಂದಿಗೇ ಹೆಪ್ಪುಗಟ್ಟುತ್ತಿತ್ತು. ಅದು ಎಲ್ಲರದೂ ಆಗಿರುವುದರಿಂದ, ಹಿಂದಿನವರು ಎಡವಿದಲ್ಲಿ ಮುಂದಿನವರು ದಾರಿಯನ್ನು ಸರಿಪಡಿಸುತ್ತಾರೆ.

ನಮಗಾರಿಗೂ ಹತ್ತು ಲಕ್ಷ ಡಾಲರುಗಳನ್ನು ನಿರಾಕರಿಸುವ ಸಂದರ್ಭ ಬಾರದು. ನಮ್ಮ ಪರೀಕ್ಷೆ ಮನೆಯೊಳಗೇ ನಡೆಯುತ್ತದೆ. ಫಲಿತಾಂಶದ ದಿನ ಮಗು ಅಂಕಪಟ್ಟಿ ತಂದಾಗ ನಾವು ಮೊದಲು ಕೇಳುವುದು, "ಎಷ್ಟು ಬಂತು? ಪಕ್ಕದ ಮನೆಯವನಿಗೆಷ್ಟು?" ಎಂದಲ್ಲವೇ? ಅದರೊಂದಿಗೆ "ನಿನಗೆ ಇದನ್ನು ಕಲಿಸಿಕೊಟ್ಟವರು ಯಾರು? ಅವರಿಗೆ ಹೇಳಿ ಬಂದೆಯಾ?" ಎಂದೂ ಕೇಳಬಾರದೇಕೆ? ಆ ಪಟ್ಟಿಯಲ್ಲಿ ಹೆಸರಿಲ್ಲದ ಗುರುಗಳಿದ್ದಾರೆ, ರಾತ್ರಿ ಕುಳಿತು ಲೆಕ್ಕ ಹೇಳಿಕೊಟ್ಟ ಅಕ್ಕನಿದ್ದಾಳೆ, ಶುಲ್ಕ ತುಂಬಲು ಹೆಚ್ಚು ಹೊತ್ತು ದುಡಿದ ತಂದೆಯಿದ್ದಾನೆ.

ನಮ್ಮಲ್ಲಿ ಅನೇಕರ ಮನೆಯ ನೆಲಕ್ಕೆ ಶಹಾಬಾದಿನ ಕಲ್ಲು ಹಾಸಲಾಗಿದೆ. ಅದನ್ನು ಗಣಿಯಿಂದ ಎತ್ತಿದವರಾರು, ಸೀಳಿ ಸಮಮಾಡಿದವರಾರು, ನಾವರಿಯೆವು. ಆದರೂ ನಿತ್ಯ ಅದರ ಮೇಲೆಯೇ ನಿಲ್ಲುತ್ತೇವೆ. ಇಂದು ಸಂಜೆ ಮಕ್ಕಳೊಡನೆ ಆ ನೆಲದ ಮೇಲೆ ಕುಳಿತಾಗ, ಅವರು ಯಾರ ಯಾರ ಋಣದಲ್ಲಿದ್ದಾರೆಂದು ಎಣಿಸಲು ಹೇಳಿರಿ. ನೀವೂ ಎಣಿಸಿರಿ.